ಕಟಿಬಸ್ತಿ ಕೋಣೆಯ ಅಕ್ಕ
ಆಯುರ್ವೇದ ಆಸ್ಪತ್ರೆಯ ಕಟಿಬಸ್ತಿ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚ, ಎಲ್ಲರೂ ಅಕ್ಕ ಎನ್ನುವ ಹಳೆಯ ರೋಗಿಯದು. ಬೆನ್ನುಮೂಳೆಯ ಬುಡದಲ್ಲಿ ನರಕ್ಕಂಟಿದ ನೀರುಗುಳ್ಳೆಯಿಂದ ಅವರಿಗೆ ಸೊಂಟನೋವು. "ಲಕ್ಷಕ್ಕೊಬ್ರಿಗೆ ಬರೋದಂತೆ, ಸುಮ್ನೆ ಸಿಗಲ್ಲ" ಎಂದು ಬಹುಮಾನ ಗೆದ್ದವರಂತೆ ಹೇಳುತ್ತಾರೆ. ಬೋರಲು ಮಲಗಿದವರ ಸೊಂಟದ ಮೇಲೆ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ತುಂಬಿದೊಡನೆ ಪಕ್ಕದ ಮಂಚದವರಿಗೆ ಅಕ್ಕನ ಪಾಠ ಶುರು: "ಕೆಮ್ಮಬೇಡಿ, ನಗಬೇಡಿ, ಕಟ್ಟೆ ಒಡೆಯುತ್ತೆ." ಆಮೇಲೆ ತಾವೇ ನಗಿಸುತ್ತಾರೆ. "ಅಕ್ಕಾ, ನಿಮ್ಮ ಬಾಯಿಗೂ ಒಂದು ಕಟ್ಟೆ ಕಟ್ಟಬೇಕು" ಎಂದು ಗೊಣಗುತ್ತ ಎಣ್ಣೆ ಹಾಕುವಾಕೆ ಸೋರಿದ್ದನ್ನು ಒರೆಸುತ್ತಾಳೆ. ವೈದ್ಯರು ಬಂದರೆ ಅಕ್ಕನದು ಯಾವಾಗಲೂ ಒಂದೇ ಪ್ರಶ್ನೆ: "ಈಗ ಎಷ್ಟು ಭಾರ ಎತ್ತಬಹುದು ಡಾಕ್ಟ್ರೇ?" ಮೊದಲು ಒಂದು ಚೊಂಬು ನೀರು ಎಂದಿದ್ದರು, ಆಮೇಲೆ ಅರ್ಧ ಕೊಡ, ಮೊನ್ನೆ ತುಂಬಿದ ಕೊಡವನ್ನೇ ಎತ್ತಬಹುದು ಎಂದರು. ಅಕ್ಕ ಖುಷಿಪಡಲಿಲ್ಲ. ನೋವು ಶುರುವಾದಾಗ ಎತ್ತಿಕೋ ಎಂದು ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಮಗಳು ಈಗ ಭುಜದೆತ್ತರ. ಮನೆಗೆ ಕರೆದೊಯ್ಯಲು ಬಂದವಳು "ಬ್ಯಾಗ್ ಕೊಡಮ್ಮ, ನೀನು ಹೊರಬೇಡ" ಎಂದು ಕಸಿದುಕೊಂಡು ಮುಂದೆ ನಡೆಯುತ್ತಾಳೆ. ಅಕ್ಕ ಬಾಗಿಲಲ್ಲಿ, ಕೂಸನ್ನು ಕೂರಿಸಿಕೊಂಡವರಂತೆ ಒಂದು ಕಡೆಯ ಸೊಂಟವನ್ನು ಹೊರಚಾಚಿ ನಿಲ್ಲುತ್ತಾರೆ. "ನೇರ ನಿಂತ್ಕೊಳ್ಳಿ, ನೋವು ಹೆಚ್ಚುತ್ತೆ" ಎಂದು ವೈದ್ಯರು ಎಷ್ಟು ಗದರಿದರೂ ಆ ಅಭ್ಯಾಸ ಹೋಗಿಲ್ಲ.