ಲಕ್ಷದ ಮೇಲೊಂದು

ನಮ್ಮ ಸೇಡಂ ಮನೆಯಲ್ಲಿ ಕಾರ್ತಿಕಕ್ಕೆ ಲಕ್ಷ ಬತ್ತಿ ಹಚ್ಚುತ್ತಾರೆ. ನಮ್ಮ ಮನೆ ಎಂದೆ, ನಿಜಕ್ಕೆ ಅದು ಗಂಡನ ಮನೆ, ಮಡಿಯ ವೈಷ್ಣವರದು. ನಾನು ಹುಟ್ಟಿದ್ದು ಕಾಗಿಣಾ ಹೊಳೆಯ ದಂಡೆಯಲ್ಲಿ. ಅಪ್ಪ ಮೀನು ಹಿಡಿದು ನನ್ನನ್ನು ಓದಿಸಿದ. ಈಗ ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಪ್ಪಿ ಆದ ಮದುವೆ, ಒಪ್ಪಿದ್ದು ಮಾತ್ರ ನಾವಿಬ್ಬರೇ.

ಬತ್ತಿಯ ಪದ್ಧತಿ ಹೀಗೆ. ಮನೆತನದ ಹತ್ತು ಹೆಂಗಸರು ತಲೆಗೆ ಹತ್ತು ಸಾವಿರ ಹೊಸೆಯಬೇಕು. ಲಕ್ಷದ ಮೇಲಿನ ಒಂದನ್ನು ಗಂಡನ ದೊಡ್ಡಮ್ಮ ಹೊಸೆಯುತ್ತಾರೆ. ಅವರನ್ನು ನಾವು ದೊಡ್ಡತ್ತೆ ಅನ್ನುತ್ತೇವೆ. ಮದುವೆಯಾದ ವರ್ಷ ನಾನೂ ಹತ್ತಿಯ ಬುಟ್ಟಿಯ ಹತ್ತಿರ ಹೋಗಿ ಕೂತೆ.

“ಹತ್ತು ಮಂದಿಗೆ ಲೆಕ್ಕ ಸರಿ ಆಗ್ಯದವಾ. ಹನ್ನೊಂದು ಪಾಲು ಮಾಡ್ಲಿಕ್ಕೆ ಬರಂಗಿಲ್ಲ. ಮ್ಯಾಲಿನ ಒಂದು ಕೂಡಿತಂದ್ರ ಆ ಸಂಖ್ಯಾ ಯಾರ ಕೈಲೂ ಒಡಿಯಂಗಿಲ್ಲ. ಅದಕ್ಕೇ ಪುಣ್ಯ ಗಟ್ಟಿ ನಿಲ್ತದ,” ಅಂದರು ದೊಡ್ಡತ್ತೆ.

ಮೈಯೆಲ್ಲ ಉರಿಯಿತು. ನೀನು ಬೇಡ ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ನನ್ನನ್ನು ಹೊರಗಿಡಲು ಒಂದು ಸಂಖ್ಯೆಯ ಮೇಲೆ ಸುಳ್ಳು ಹೇಳುವುದೇ? ಅದೂ ನನ್ನ ಮುಂದೆ!

“ಒಡೀತದ್ರಿ,” ಅಂದೆ. “ಒಂದು ಲಕ್ಷದ ಒಂದು. ಆ ತುದಿಗೆ ಒಂದು, ಈ ತುದಿಗೆ ಒಂದು, ನಡುವ ನಾಕು ಸೊನ್ನಿ. ಒಂದು ಬಿಟ್ಟು ಒಂದು ಅಂಕಿ ಕೂಡಿಸ್ರಿ, ಬಿಟ್ಟ ಅಂಕಿ ಬ್ಯಾರೆ ಕೂಡಿಸ್ರಿ. ಎರಡೂ ಸಲ ಒಂದೇ ಬರ್ತದ. ಹಂಗ ಸಮ ಬಂದ್ರ ಹನ್ನೊಂದರಿಂದ ಒಡೀತದ. ತಲಿಗೆ ಒಂಬತ್ತು ಸಾವಿರದ ತೊಂಬತ್ತೊಂದು. ಏನೂ ಉಳಿಯಂಗಿಲ್ಲ. ಹತ್ತು ಪಾಲು ಮಾಡಿದ್ರೇ ಒಂದು ಉಳೀತದ.”

ಆ ಒಂಬತ್ತು ಸಾವಿರದ ತೊಂಬತ್ತೊಂದು ಅವಿಭಾಜ್ಯ ಸಂಖ್ಯೆ, ಅದನ್ನು ಮಾತ್ರ ಯಾರೂ ಒಡೆಯಲಾರರು. ಗಟ್ಟಿತನ ಬೇಕಿದ್ದರೆ ಅದು ಒಬ್ಬೊಬ್ಬಳ ಪಾಲಿನಲ್ಲಿದೆ. ಅದನ್ನೂ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಕೇಳಿಸಿದ್ದು ತಲೆಗೆ ಒಂಬೈನೂರ ಒಂಬತ್ತು ಬತ್ತಿ ಕಡಿಮೆ ಅನ್ನುವುದೊಂದೇ.

“ಅಯ್ಯ, ಹನ್ನೊಂದೇ ಮಾಡೋಣಲ್ಲ!” ಎಂದು ಸಣ್ಣ ನಾದಿನಿ ಬೆರಳು ನೀವಿಕೊಂಡಳು.

ದೊಡ್ಡತ್ತೆ ಬುಟ್ಟಿ ಸರಿಸಿಕೊಂಡರು. “ಲೆಕ್ಕ ಬಿಡು. ಹೊಳಿ ದಂಡಿ ಮಂದಿ ಮುಟ್ಟಿದ ಬತ್ತಿ ನಮ್ಮ ದೇವರಿಗೆ ನಡಿಯಂಗಿಲ್ಲ.”

“ಹಂಗ ಹೇಳ್ರಿ. ಸಂಖ್ಯಾದ ಮ್ಯಾಲ ಯಾಕ ಹಾಕ್ತೀರಿ?”

ಮರುದಿನ ನನ್ನ ಹತ್ತಿ ನಾನೇ ಕೊಂಡು ತಂದೆ. ಶಾಲೆ ಮುಗಿಸಿ ಬಂದು, ಕೋಣೆಯ ಬಾಗಿಲು ತೆರೆದಿಟ್ಟು, ಎಲ್ಲರಿಗೂ ಕಾಣುವಂತೆ ಕೂತು ನನ್ನ ಪಾಲು ಹೊಸೆದೆ. ಬೆರಳ ತುದಿ ಸುಲಿಯಿತು. ಉಳಿದ ಹತ್ತು ಜನ ಹನ್ನೊಂದರ ಲೆಕ್ಕದ ಹೊಸ ಪಾಲು ಮುಗಿದದ್ದೇ ಕೈ ನಿಲ್ಲಿಸಿದರು. ದೊಡ್ಡತ್ತೆ ಎಷ್ಟು ಗದರಿದರೂ ಒಬ್ಬಳೂ ಮತ್ತೆ ಹತ್ತಿ ಹಿಡಿಯಲಿಲ್ಲ.

ದೀಪ ಹಚ್ಚುವ ದಿನ ಲಕ್ಷ ತುಂಬಿರಲಿಲ್ಲ. ಒಂಬತ್ತು ಸಾವಿರ ಚಿಲ್ಲರೆ ಕಡಿಮೆ ಬಿದ್ದಿತ್ತು. ಸಂಜೆಯಾಗುತ್ತ ಬಂದಾಗ ದೊಡ್ಡತ್ತೆ ನನ್ನ ಕೋಣೆಯ ಹೊಸ್ತಿಲಿಗೆ ಬಂದು ನಿಂತರು.

“ನಿನ್ನ ಪಾಲು ತಾ.”

ಎದ್ದು ಕೊಡಬಹುದಿತ್ತು. ಏಳಲಿಲ್ಲ.

“ಒಳಗ ಬರ್ರಿ ಅತ್ತ್ಯಾರ,” ಅಂದೆ. “ನಿಮ್ಮ ಕೈಲೇ ತಗೊಂಡು ಹೋಗ್ರಿ.”

ಅವರು ಹೊಸ್ತಿಲು ದಾಟಿ ಬಂದರು, ನನ್ನ ಮುಂದೆ ಬಗ್ಗಿ ಬತ್ತಿಯ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.