ತವರಿಗೆ ಬರಬೇಡ ಎಂದ ದಿನ

ರಬ್ಬರ್ ಗ್ಲೌಸ್ ಸೋಕಿದರೂ ನನ್ನ ಮಗಳಿಗೆ ಉಸಿರು ಕಟ್ಟುತ್ತದೆ ಎಂದಾಗ ರಾಯದುರ್ಗದ ಆಸ್ಪತ್ರೆಯ ಹಿರಿಯ ನರ್ಸ್ ಪೆನ್ನು ಕೆಳಗಿಟ್ಟರು. ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡವರು ಇವರೇ. ಚೊಚ್ಚಲ ಹೆರಿಗೆ ತವರಲ್ಲೇ ಆಗಲೆಂದು ರಬ್ಬರಿಲ್ಲದ ಗ್ಲೌಸ್ ನಾನೇ ತರಿಸಿದ್ದೆ.

“ಇಲ್ಲಿ ಬ್ಯಾಡ್ರಿ ಅಮ್ಮಾ. ಗಡಿಬಿಡಿಯಾಗ ನನ್ನ ಕೈ ರೂಢಿ ಮ್ಯಾಲೆ ಹಳೇ ರಬ್ಬರ್ ಗ್ಲೌಸಿನ ಡಬ್ಬಿಗೇ ಹೋಗ್ತೈತಿ. ದೊಡ್ಡಾಸ್ಪತ್ರೆಗೆ ಕಳಸ್ರಿ,” ಎಂದು ಅವರು ತಮ್ಮ ಅಂಗೈ ನೋಡಿಕೊಂಡರು.

ಹೊರಗೆ ಬಂದು, ಮಡಕಶಿರದ ಗಂಡನ ಮನೆಯಲ್ಲಿದ್ದ ಮಗಳಿಗೆ ಫೋನ್ ಮಾಡಿ ಬರಬೇಡ ಎಂದೆ.

“ಯಾಕಮ್ಮಾ, ನನ್ನ ಕೋಣೆಗೆ ಬಣ್ಣ ಹೊಡೆಸಿದ್ದೀನಿ ಅಂದಿದ್ಯಲ್ಲಾ?” ಅಂದಳು.

ಬೆಂಗಳೂರಿನ ಆಸ್ಪತ್ರೆಯೊಂದು ಈಗ ಅವಳ ಹೆರಿಗೆಗೆ ಒಪ್ಪಿಕೊಂಡಿದೆ. ಅವಳ ಜೀವಕ್ಕೆ ಅದೇ ಒಳ್ಳೆಯದೆಂದು ನನಗೂ ಗೊತ್ತು. ಆದರೂ ತುಂಬು ಬಸುರಿ ಮಗಳಿಗೆ ಮನೆಗೆ ಬರಬೇಡ ಎಂದವಳು ನಾನೇ ಎಂಬುದು ಊಟಕ್ಕೆ ಕೂತಾಗಲೂ ನೆನಪಾಗುತ್ತದೆ.