ಅವ್ವನ ಖಾತೆ, ನನ್ನ ಸಹಿ

ಟೈ ಕಟ್ಟಿಕೊಂಡವರನ್ನು ಕಂಡರೆ ನನಗೆ ಆಗುವುದಿಲ್ಲ. ಇಳಕಲ್ಲಿನ ಬೇಸಿಗೆಯಲ್ಲಿ ತನ್ನ ಕೊರಳಿಗೆ ತಾನೇ ಉರುಲು ಬಿಗಿದುಕೊಂಡು ಓಣಿ ಓಣಿ ತಿರುಗುವವನಿಗೆ ಎಷ್ಟು ಬುದ್ಧಿ ಇದ್ದೀತು? ಆದರೆ 2006ರ ಸುಮಾರಿಗೆ ಅಂಥವನೊಬ್ಬ ನಮ್ಮ ಮನೆಗೆ ಬಂದಾಗ ಅವನಿಗಿಂತ ದೊಡ್ಡ ದಡ್ಡ ಬಾಗಿಲಲ್ಲೇ ನಿಂತಿದ್ದ. ಅವನು ನಾನು. ಬಿ.ಕಾಂ. ಪಾಸಾಗಿ ಎರಡು ವರ್ಷದಿಂದ ಅವ್ವನ ದುಡಿಮೆಯ ರೊಟ್ಟಿ ತಿನ್ನುತ್ತಿದ್ದೆ. ಓಣಿಯಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬ ಜಂಬ ಬೇರೆ.

ಅವನು ತಂದಿದ್ದು ಯಾವುದೋ ಕಂಪನಿಯ ಆರೋಗ್ಯ ಕಾರ್ಡು. ಅದನ್ನು ತೋರಿಸಿದರೆ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಅರ್ಧ ಬಿಲ್ಲು. ಮೊದಲ ಎರಡು ತಿಂಗಳು ಬಿಟ್ಟಿ, ಆಮೇಲೆ ತಿಂಗಳಿಗೆ ನೂರಾ ನಲವತ್ತೊಂಬತ್ತು ರೂಪಾಯಿ ಖಾತೆಯಿಂದ ತಾನಾಗಿಯೇ ಕಟ್ಟಾಗುತ್ತದೆ.

"ನೀವು ಬ್ಯಾಂಕಿಗೆ ಅಡ್ಡಾಡೂದ ಬ್ಯಾಡ್ರಿ ಸರ್," ಅಂದ. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಸರ್ ಅಂದಿರಲಿಲ್ಲ. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು.

ಖಾತೆ ಇದ್ದದ್ದು ಅವ್ವನ ಹೆಸರಿನಲ್ಲಿ. ಮನೆಯಲ್ಲಿದ್ದ ಮಗ್ಗ ಸಾಹುಕಾರರದು, ನೇಯುವುದಷ್ಟೇ ಅವಳದು. ಸ್ವಂತದ್ದೊಂದು ಮಗ್ಗ ಹಾಕಿಸಬೇಕೆಂದು ಕೂಲಿಯಲ್ಲಿ ಉಳಿಸಿ ಉಳಿಸಿ ಇಡುತ್ತಿದ್ದಳು. ಸಾಕ್ಷರತಾ ವರ್ಗಕ್ಕೆ ಹೋಗಿ ನಲವತ್ತು ದಾಟಿದ ಮೇಲೆ ಹೆಸರು ಬರೆಯಲು ಕಲಿತವಳು. ಖಾತೆ ತೆರೆಯುವ ದಿನ ಹೆಬ್ಬೆಟ್ಟಿಗೆಂದು ಮುಂದಿಟ್ಟ ಮಸಿಯನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದ್ದಳು.

ಕಾರ್ಡಿನವನು ಬಂದ ಹೊತ್ತಿಗೆ ಅವ್ವ ಸೆರಗು ಕೂಡಿಸುತ್ತಿದ್ದಳು. ನಮ್ಮ ಸೀರೆಗೆ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಪಕ್ಕದ ಮನೆಯ ಇಬ್ಬರು ಹೆಂಗಸರು ಎದುರಿಗೆ ಕೂತಿದ್ದರು. ನಡುವೆ ಒಬ್ಬರು ಕೈ ಬಿಟ್ಟರೂ ಎಳೆಗಳೆಲ್ಲ ಕಲಸಿಹೋಗುತ್ತವೆ. ಆ ಹೊತ್ತಿನಲ್ಲಿ ಯಾರು ಬಂದರೂ ನೇಕಾರರ ಮನೆಯಲ್ಲಿ ಯಾರೂ ಏಳುವುದಿಲ್ಲ.

"ಸಂಜಿಕ ಬಾ ಅನ್ನು ಅವಗ," ಅಂದಳು ಅವ್ವ, ತಲೆ ಎತ್ತದೆ.

ಅವನಿಗೆ ಸಂಜೆಯೊಳಗೆ ಕಮತಗಿ ಊರನ್ನೂ ಮುಗಿಸಬೇಕಿತ್ತಂತೆ. "ಸಹಿ ನೀವ ಮಾಡಿಬಿಡ್ರಿ ಸರ್, ಯಾರ್ ನೋಡ್ತಾರ?" ಅಂದ. ನಾನು ಪಾಸ್‌ಬುಕ್ ನೋಡಿ ಅವನ ಫಾರಂನಲ್ಲಿ ಖಾತೆ ನಂಬರು ಬರೆದೆ, ಅವ್ವನ ಹೆಸರಿನಲ್ಲಿ ಚೆಂದಾಗಿ ಸಹಿ ಮಾಡಿದೆ. ಅವಳಿಗೆ ಕಾರ್ಡು ಬಿಟ್ಟಿ ಸಿಕ್ಕಿತು ಎಂದು ಹೇಳಿದೆ. ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿತ್ತು.

ಅವ್ವನ ಮೊಣಕಾಲು ನೋವಿಗೆ ಬಾಗಲಕೋಟೆಯ ದವಾಖಾನೆಗೆ ಹೋದಾಗ ಕಾರ್ಡಿನ ಯೋಗ್ಯತೆ ತಿಳಿಯಿತು. ಕೌಂಟರಿನ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ, "ಮೊಬೈಲಿಗೆ ಹಾಕೂದೇನ್ರಿ ಇದು?" ಎಂದು ಕೇಳಿದಳು. ಜೊತೆಗೆ ಕೊಟ್ಟಿದ್ದ ಪುಸ್ತಕ ತೆಗೆದು ನೋಡಿದರೆ ನಮಗೆ ಹತ್ತಿರದ ಆಸ್ಪತ್ರೆ ಹೈದರಾಬಾದಿನಲ್ಲಿತ್ತು. ಮೊಣಕಾಲು ನೋವಿನವಳು ರೈಲು ಹತ್ತಿ ಅಲ್ಲಿಗೆ ಹೋಗಬೇಕು, ಅರ್ಧ ಬಿಲ್ಲು ಉಳಿಸಲು!

ಅಷ್ಟರಲ್ಲಿ ದುಡ್ಡು ಹೋಗತೊಡಗಿತ್ತು. ಅಕ್ಷರ ತಡವರಿಸಿದರೂ ಅಂಕಿಯಲ್ಲಿ ಅವ್ವ ತಪ್ಪುವವಳಲ್ಲ. ಪಾಸ್‌ಬುಕ್ ನನ್ನ ಮುಂದೆ ಹಿಡಿದು, "ಇದೇನಲೇ, ತಿಂಗಳಾ ಯಾರೋ ಕೈ ಹಾಕ್ಯಾರ?" ಎಂದಳು. ಕಂಪನಿಯವರು ಮೋಸ ಮಾಡಿದ್ದಾರೆ ಎಂದೆ. ಅರ್ಧ ಖರೆ, ಅರ್ಧ ಸುಳ್ಳು. ಅಂಥ ಮಾತು ಪೂರಾ ಸುಳ್ಳಿಗಿಂತ ಹೊಲಸು.

ಕಂಪನಿಗೆ ಫೋನು ಹಚ್ಚಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂದಿತು. ಕನ್ನಡಕ್ಕೆ ಗುಂಡಿಯೇ ಇರಲಿಲ್ಲ. ಕಾಲು ತಾಸು ಸಂಗೀತ ಕೇಳಿಸಿ, ಆಮೇಲೊಬ್ಬಳು ಜೇನಿನಂಥ ದನಿಯಲ್ಲಿ ಬ್ಯಾಂಕಿನವರನ್ನು ಕೇಳಿ ಎಂದಳು. ಬ್ಯಾಂಕಿನ ಗುಮಾಸ್ತ ಕಂಪನಿಯವರನ್ನು ಕೇಳಿ ಎಂದ. ಹೀಗೆ ಇಬ್ಬರೂ ಸೇರಿ ನನ್ನನ್ನು ಚೆಂಡಾಡಿದರು. ತಿಂಗಳು ಮಾತ್ರ ತಪ್ಪದೆ ಬರುತ್ತಿತ್ತು, ದುಡ್ಡು ತಪ್ಪದೆ ಹೋಗುತ್ತಿತ್ತು.

ಐದು ಕಂತು ಹೋದ ಮೇಲೆ ಅವ್ವ ಹಟ ಹಿಡಿದಳು. ದುಡ್ಡು ಕಟ್ಟು ಮಾಡುವುದನ್ನು ನಿಲ್ಲಿಸಿರೆಂದು ನನ್ನಿಂದ ಅರ್ಜಿ ಬರೆಸಿ, ತಾನೇ ಸಹಿ ಹಾಕಿ, ನನ್ನನ್ನೂ ಕರೆದುಕೊಂಡು ಬ್ಯಾಂಕಿನ ಮ್ಯಾನೇಜರ ಎದುರಿಗೆ ಹೋಗಿ ಕೂತಳು. ಅವರು ಮೈಸೂರು ಕಡೆಯವರು. ಕಂಪನಿಯ ಫಾರಂ ತರಿಸಿ, ಅವ್ವನ ಅರ್ಜಿಯ ಪಕ್ಕಕ್ಕಿಟ್ಟು ನೋಡಿದರು. ದುಡ್ಡು ತೆಗೆಯುವಾಗ ಐದು ಸಲವೂ ನೋಡದ ಸಹಿ, ನಿಲ್ಲಿಸಿ ಅಂದ ಕೂಡಲೇ ಕಣ್ಣಿಗೆ ಬಿತ್ತು!

"ಅಮ್ಮಾ, ಈ ಫಾರಂ ಮೇಲಿನ ಸಹಿ ನಿಮ್ಮದಲ್ಲ ಅನಿಸುತ್ತೆ," ಎಂದರು. "ಅಲ್ಲ ಅಂತ ಬರೆದುಕೊಡಿ. ಇವತ್ತೇ ನಿಲ್ಲಿಸುತ್ತೇವೆ, ಹೋದ ದುಡ್ಡೂ ವಾಪಸ್ ಬರುತ್ತೆ. ಆದರೆ ಸಹಿ ಮಾಡಿದವರು ಯಾರು ಅಂತ ಪೊಲೀಸರಿಗೆ ದೂರು ಕೊಡಬೇಕಾಗುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈಗಳನ್ನು ಮೇಜಿನ ಕೆಳಗೆ ಇಳಿಸಿದೆ.

ಅವ್ವ ಫಾರಂ ಹತ್ತಿರಕ್ಕೆ ಎಳೆದುಕೊಂಡಳು. ಅವಳ ಅಕ್ಷರಗಳು ಏರುತ್ತ ಇಳಿಯುತ್ತ ಹೋಗುತ್ತವೆ. ಅಲ್ಲಿದ್ದವು ಕಾಲೇಜು ಓದಿದವನ ಅಕ್ಷರ, ಗೆರೆ ಹೊಡೆದಂತೆ ಸಾಲಾಗಿದ್ದವು. ಬಹಳ ಹೊತ್ತು ನೋಡಿದಳು. ನನ್ನ ಕಡೆ ತಿರುಗಲಿಲ್ಲ.

"ನಂದ ಐತ್ರಿ," ಅಂದಳು. "ಅವತ್ತ ಛಲೋ ಬಂದಿತ್ತು."

ಮ್ಯಾನೇಜರಿಗೂ ನಿರಾಳವಾಯಿತು. ಸಹಿ ನೋಡದೆ ದುಡ್ಡು ಬಿಟ್ಟ ಬ್ಯಾಂಕಿನ ತಪ್ಪು ಅಲ್ಲಿಗೆ ಮುಚ್ಚಿಹೋಯಿತಲ್ಲ! ಹಾಗಿದ್ದರೆ ಒಪ್ಪಂದದ ಪ್ರಕಾರ ಹನ್ನೆರಡು ಕಂತು ಮುಗಿಯಲೇಬೇಕು, ಇನ್ನೇಳು ಬಾಕಿ ಎಂದು ಫಾರಂ ಮಡಚಿದರು. ಅಷ್ಟು ದಿನ ನಾನು ಟೈಯವನನ್ನು, ಜೇನು ದನಿಯವಳನ್ನು, ಗುಮಾಸ್ತನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಈಗಲೂ ಅವರನ್ನು ಕಂಡರೆ ನನಗೆ ಹೇಸಿಗೆಯೇ. ಆದರೆ ಅವರು ಯಾರೂ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವರಲ್ಲ.

ಬ್ಯಾಂಕಿನಿಂದ ಹೊರಬಿದ್ದವಳೇ ಅವಳು ಮನೆಯ ದಾರಿ ಹಿಡಿದಳು. ಬೈಯಲಿ, ಬೇಕಾದರೆ ಕಪಾಳಕ್ಕೆ ಒಂದು ಬಿಡಲಿ ಎಂದು ಕಾಯುತ್ತ ಹಿಂದೆ ಹಿಂದೆ ನಡೆದೆ. ಓಣಿಯ ತಿರುವಿನಲ್ಲಿ ನಿಂತಳು.

"ಮತ್ತ ಎಲ್ಲೆಲ್ಲಿ ಮಾಡೀದಿ?" ಎಂದು ಕೇಳಿದಳು.

"ಎಲ್ಲೂ ಇಲ್ಲವ್ವಾ, ಇದೊಂದ," ಅಂದೆ.

ಖರೆಯನ್ನೇ ಹೇಳಿದ್ದೆ. ಅವಳು ನಂಬಲಿಲ್ಲ.